ಕಟ್ಟಲು ಸಾಲ ಸಿಗುತ್ತದೆ, ಓಡಿಸಲು ಸಿಗುವುದಿಲ್ಲ

2025ರ ಆಗಸ್ಟ್ ತಿಂಗಳ ಒಂದು ವಾರ ನನಗೆ ಈಗಲೂ ಮತ್ತೆ ಮತ್ತೆ ನೆನಪಾಗುತ್ತದೆ. 5ನೇ ತಾರೀಕು, ಮಂಗಳವಾರ, ರಾಜ್ಯದ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದರು. ವೇತನ ಹೆಚ್ಚಳದ 38 ತಿಂಗಳ ಹಿಂಬಾಕಿ ಕೊಡಿ ಅನ್ನುವುದು ಅವರ ಮುಖ್ಯ ಬೇಡಿಕೆ. ಹೈಕೋರ್ಟ್ ಮಧ್ಯೆ ಬಂದಿದ್ದರಿಂದ ಅಂದೇ ಮುಷ್ಕರ ನಿಂತಿತು. ಹಿಂಬಾಕಿಯ ಮಾತು ಹಾಗೇ ಉಳಿಯಿತು. ಅದಾಗಿ ಐದೇ ದಿನಕ್ಕೆ, ಭಾನುವಾರ, ಪ್ರಧಾನಿ ಬೆಂಗಳೂರಿಗೆ ಬಂದು ಹಳದಿ ಮೆಟ್ರೋ ಮಾರ್ಗ ಉದ್ಘಾಟಿಸಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ., 16 ನಿಲ್ದಾಣ, ಸುಮಾರು 7,160 ಕೋಟಿ ರೂಪಾಯಿ. ಅದೇ ದಿನ ಮೆಟ್ರೋ ಮೂರನೇ ಹಂತಕ್ಕೂ ಶಂಕುಸ್ಥಾಪನೆ ಆಯಿತು. ಅದರ ಅಂದಾಜು 15,600 ಕೋಟಿ ರೂಪಾಯಿಗೂ ಜಾಸ್ತಿ.

ಒಂದೇ ಊರು, ಒಂದೇ ವಾರ. ಒಂದು ಕಡೆ ದುಡಿದ ಸಂಬಳಕ್ಕೆ ದುಡ್ಡಿಲ್ಲ, ಇನ್ನೊಂದು ಕಡೆ ಸಾವಿರಾರು ಕೋಟಿ ಇದೆ. ಇದು ಹೇಗೆ? ಯಾರೋ ಒಬ್ಬರ ಕೆಟ್ಟತನದಿಂದ ಆದದ್ದಲ್ಲ ಇದು. ಎರಡೂ ಬೇರೆ ಬೇರೆ ಜೇಬಿನ ದುಡ್ಡು. ಯಾವ ಜೇಬಿನಿಂದ ಯಾವುದಕ್ಕೆ ದುಡ್ಡು ಬರುತ್ತದೆ ಅನ್ನುವುದು ಅರ್ಥವಾದರೆ, ನಮ್ಮ ಊರಲ್ಲಿ ಕಂಬಗಳು ಯಾಕೆ ಬೇಗ ಏಳುತ್ತವೆ, ಬಸ್ಸು ಯಾಕೆ ತಡವಾಗಿ ಬರುತ್ತದೆ ಅನ್ನುವುದೂ ಅರ್ಥವಾಗುತ್ತದೆ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಆ ಲೆಕ್ಕದಲ್ಲೇ ನೋಡೋಣ. ಮನೆ ಕಟ್ಟಲು ಬ್ಯಾಂಕು ಸಾಲ ಕೊಡುತ್ತದೆ. ಮಾವ ಸ್ವಲ್ಪ ಕೈಸಾಲ ಕೊಡಬಹುದು. ಆದರೆ ಕಟ್ಟಿದ ಮೇಲೆ ತಿಂಗಳ ಕರೆಂಟ್ ಬಿಲ್ಲಿಗೆ, ನೀರಿನ ಬಿಲ್ಲಿಗೆ, ಅಡುಗೆ ಸಾಮಾನಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದು ಸಂಬಳದಲ್ಲೇ ಆಗಬೇಕು. ಸಾರಿಗೆಯಲ್ಲೂ ಹಾಗೆಯೇ. ಕಟ್ಟುವ ದುಡ್ಡು ಬೇರೆ, ಓಡಿಸುವ ದುಡ್ಡು ಬೇರೆ. ಕಟ್ಟುವ ದುಡ್ಡಿಗೆ ಹತ್ತಾರು ದಾರಿಗಳಿವೆ. ಓಡಿಸುವ ದುಡ್ಡಿಗೆ ಇರುವುದು ಎರಡೇ ದಾರಿ. ಟಿಕೆಟ್ಟು, ಇಲ್ಲವೇ ರಾಜ್ಯದ ಬಜೆಟ್ಟು.

ಮೆಟ್ರೋ ಕಟ್ಟುವ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ನಮ್ಮ ಮೆಟ್ರೋ ನಡೆಸುವ ಬಿಎಂಆರ್‌ಸಿಎಲ್ ಕಂಪನಿಯಲ್ಲಿ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಪಾಲು. ಅಧ್ಯಕ್ಷರು ಕೇಂದ್ರದ ನಗರ ವ್ಯವಹಾರ ಇಲಾಖೆಯ ಕಾರ್ಯದರ್ಶಿ. ವ್ಯವಸ್ಥಾಪಕ ನಿರ್ದೇಶಕರನ್ನು ಕಳಿಸುವುದು ರಾಜ್ಯ. ‘50:50’ ಅನ್ನುವ ಮಾತು ಬಂದಿದ್ದು ಇಲ್ಲಿಂದ. ಇದನ್ನು ಕೇಳಿದವರು ಖರ್ಚಿನಲ್ಲೂ ಅರ್ಧ ಅರ್ಧ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅರ್ಧ ಅರ್ಧ ಇರುವುದು ಕಂಪನಿಯ ಷೇರು ಬಂಡವಾಳದಲ್ಲಿ ಮಾತ್ರ. ಒಟ್ಟು ಖರ್ಚಿನಲ್ಲಿ ಕೇಂದ್ರದ ಕೊಡುಗೆ ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲಿನ ಆಸುಪಾಸು. ಇನ್ನು ಅರ್ಧದಷ್ಟು ಖರ್ಚು ಸಾಲದಿಂದ ಬರುತ್ತದೆ. ಜಪಾನಿನ ಜೈಕಾ, ಏಷ್ಯಾ ಅಭಿವೃದ್ಧಿ ಬ್ಯಾಂಕು, ಯುರೋಪಿನ ಹೂಡಿಕೆ ಬ್ಯಾಂಕು, ಫ್ರಾನ್ಸಿನ ಎಎಫ್‌ಡಿ ಇವೆಲ್ಲ ನಮ್ಮ ಮೆಟ್ರೋಗೆ ಸಾಲ ಕೊಟ್ಟಿವೆ. ಉಳಿದದ್ದು ರಾಜ್ಯದ್ದು. ಜಮೀನು ಕೊಳ್ಳುವ ಖರ್ಚೂ ರಾಜ್ಯದ ಮೇಲೆ. ಸಾಲಕ್ಕೆ ದೇಶದ ಹೆಸರಿನ ಭರವಸೆ ಇರುವುದರಿಂದ ಬಡ್ಡಿ ಕಡಿಮೆ, ಆದರೆ ತೀರಿಸುವ ಹೊಣೆ ರಾಜ್ಯದ್ದು. ರೈಲು ಓಡಿಸಿ ನಷ್ಟವಾದರೆ ಅದನ್ನು ತುಂಬುವುದೂ ರಾಜ್ಯವೇ.

ಹಳದಿ ಮಾರ್ಗದ ಉದ್ಘಾಟನೆ ಹೊತ್ತಿಗೆ ‘ಇದು ಯಾರ ಮೆಟ್ರೋ’ ಅಂತ ದೊಡ್ಡ ಜಗಳ ನಡೆಯಿತಲ್ಲ, ಅದರ ಬೇರು ಇರುವುದು ಇಲ್ಲೇ. ಜಾಸ್ತಿ ದುಡ್ಡು ಹಾಕಿದವರು ನಾವು ಅಂದಿತು ರಾಜ್ಯ. ಒಪ್ಪಿಗೆ ಕೊಟ್ಟು, ಸಾಲ ದೊರಕಿಸಿ, ಬಂಡವಾಳ ಹಾಕಿದವರು ನಾವು ಅಂದಿತು ಕೇಂದ್ರ. ಎರಡೂ ಮಾತು ಅವರವರ ಲೆಕ್ಕದಲ್ಲಿ ಸರಿಯೇ. ಕೇಂದ್ರದ ಒಪ್ಪಿಗೆ ಸುಮ್ನೆ ಒಂದು ಸಹಿ ಅಲ್ಲ. ಅದು ಸಿಗದಿದ್ದರೆ ಎಷ್ಟು ಕಷ್ಟ ಅನ್ನುವುದಕ್ಕೆ ಪಕ್ಕದ ಚೆನ್ನೈ ನೋಡಬೇಕು. 118.9 ಕಿ.ಮೀ. ಉದ್ದದ ಅಲ್ಲಿನ ಎರಡನೇ ಹಂತಕ್ಕೆ 2020ರ ನವೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವರೇ ಶಂಕುಸ್ಥಾಪನೆ ಮಾಡಿದರು. ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು ಮಾತ್ರ 2024ರ ಅಕ್ಟೋಬರ್‌ನಲ್ಲಿ. 63,246 ಕೋಟಿಯ ಕೆಲಸ ಅದು. ಆ ನಾಲ್ಕು ವರ್ಷ ತಮಿಳುನಾಡು ತನ್ನ ಬೊಕ್ಕಸವನ್ನೂ ತನ್ನ ಸಾಲದ ಮಿತಿಯನ್ನೂ ನಂಬಿಕೊಂಡೇ ಕೆಲಸ ನಡೆಸಬೇಕಾಯಿತು. ಖಾಸಗಿಯವರನ್ನು ನೆಚ್ಚಿದ ಹೈದರಾಬಾದ್‌ನ ಕತೆ ಇನ್ನೊಂದು ರೀತಿಯದು. ಅಲ್ಲಿ ಮೆಟ್ರೋ ಕಟ್ಟಿ ಓಡಿಸುತ್ತಿದ್ದ ಎಲ್ ಅಂಡ್ ಟಿ 2025ರಲ್ಲಿ ಹೊರಬರಲು ನಿರ್ಧರಿಸಿತು. ಸಾವಿರಾರು ಕೋಟಿ ಸಾಲದ ಸಮೇತ ಅದನ್ನು ತೆಗೆದುಕೊಳ್ಳಲು ತೆಲಂಗಾಣ ಸರ್ಕಾರ ಒಪ್ಪಿತು.

ಈಗ ಸಾಲ ಕೊಡುವವರ ಜಾಗದಲ್ಲಿ ನಿಂತು ಯೋಚಿಸಿ. ಅವರಿಗೆ ಎಣಿಸಲು ಸಿಗುವ ಕೆಲಸ ಬೇಕು. ಇಷ್ಟು ಕಿ.ಮೀ., ಇಷ್ಟು ನಿಲ್ದಾಣ, ಇಷ್ಟು ಗುತ್ತಿಗೆ, ಇಷ್ಟು ವರ್ಷ. ಮೆಟ್ರೋ ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ‘ನಮ್ಮ ಬಡಾವಣೆಗೆ ಹತ್ತು ನಿಮಿಷಕ್ಕೊಂದು ಬಸ್ಸು ಬೇಕು, ಅದಕ್ಕೆ ಇಷ್ಟು ಡ್ರೈವರ್, ಇಷ್ಟು ಕಂಡಕ್ಟರ್ ಸಂಬಳ ಕೊಡಿ’ ಅಂದರೆ ಆ ಅರ್ಜಿಗೆ ಅವರಲ್ಲಿ ಖಾನೆಯೇ ಇಲ್ಲ. ಸಾಲ ತೀರುವುದು ಮೂವತ್ತು ವರ್ಷಕ್ಕೆ, ಸರ್ಕಾರ ಇರುವುದು ಐದು ವರ್ಷ. ಗುದ್ದಲಿ ಪೂಜೆ ಮಾಡಿದವರು ಬೇರೆ, ಟೇಪು ಕತ್ತರಿಸುವವರು ಬೇರೆ, ಕಂತು ಕಟ್ಟುವವರು ಇನ್ನೂ ಬೇರೆ. ಮೆಟ್ರೋ ಮೊದಲ ಹಂತಕ್ಕೆ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದ್ದು 2006ರ ಜೂನ್‌ನಲ್ಲಿ. ಪೂರ್ತಿ 42.3 ಕಿ.ಮೀ. ಓಡಿದ್ದು 2017ರ ಜೂನ್‌ನಲ್ಲಿ. ಮೊದಲು ಅಂದಾಜು ಮಾಡಿದ್ದು 6,395 ಕೋಟಿ. ಮಧ್ಯೆ ಮಾರ್ಗದ ಉದ್ದ ಸ್ವಲ್ಪ ಹೆಚ್ಚಿತು, ಕೊನೆಗೆ ಖರ್ಚು 13 ಸಾವಿರ ಕೋಟಿ ದಾಟಿತು. ಆ ಹನ್ನೊಂದು ವರ್ಷದಲ್ಲಿ ವಿಧಾನಸೌಧದಲ್ಲಿ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು ಅಂತ ಎಣಿಸಿ ನೋಡಿ.

ಉಪನಗರ ರೈಲಿನ ವಿಷಯಕ್ಕೆ ಬಂದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಬೆಂಗಳೂರಿಗೆ ಎಲ್ಲ ದಿಕ್ಕಿನಿಂದಲೂ ಹಳಿಗಳಿವೆ. ವೈಟ್‌ಫೀಲ್ಡ್, ಕೆಂಗೇರಿ, ಯಲಹಂಕ, ದೇವನಹಳ್ಳಿ, ಚಿಕ್ಕಬಾಣಾವರ. ಈ ಹಳಿಗಳ ಪಕ್ಕದಲ್ಲೇ ಲೋಕಲ್ ರೈಲು ಓಡಿಸಿ ಅನ್ನುವ ಸಲಹೆ 1980ರ ದಶಕದ್ದು. ಕೇಂದ್ರ ಬಜೆಟ್‌ನಲ್ಲಿ ಅದರ ಹೆಸರು ದೊಡ್ಡದಾಗಿ ಬಂದಿದ್ದು 2018ರ ಫೆಬ್ರವರಿಯಲ್ಲಿ. ಆ ವರ್ಷ ಮೇನಲ್ಲಿ ವಿಧಾನಸಭಾ ಚುನಾವಣೆ ಇತ್ತು. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ. ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ. ಕೇಂದ್ರದ್ದು ಶೇ. 20, ರಾಜ್ಯದ್ದು ಶೇ. 20, ಉಳಿದ ಶೇ. 60 ಸಾಲ. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್‌ನಲ್ಲಿ. ಮುಂದಿನ ವಿಧಾನಸಭಾ ಚುನಾವಣೆಗೆ ಆಗ ಒಂದು ವರ್ಷವೂ ಪೂರ್ತಿ ಉಳಿದಿರಲಿಲ್ಲ. ನಲವತ್ತು ವರ್ಷ ಆಗದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆ ಅನ್ನುವ ಮಾತು ಅಂದು ಬಂತು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ.

ಲೆಕ್ಕ ಹಾಕಿದರೆ ಉಪನಗರ ರೈಲಿಗೆ ಕಿ.ಮೀ.ಗೆ ಸುಮಾರು 106 ಕೋಟಿ. 44.65 ಕಿ.ಮೀ. ಉದ್ದದ ಮೆಟ್ರೋ ಮೂರನೇ ಹಂತಕ್ಕೆ ಸುಮಾರು 350 ಕೋಟಿ. ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಖರ್ಚಿನದ್ದು ಯಾಕೆ ಹಿಂದೆ ಬಿತ್ತು? ನನಗೆ ಕಾಣುವ ಕಾರಣ, ಅದಕ್ಕೆ ಒಬ್ಬ ಯಜಮಾನ ಇಲ್ಲ. ಹಳಿ ಮತ್ತು ಬಹಳಷ್ಟು ಜಮೀನು ರೈಲ್ವೆಯದ್ದು. ರೈಲ್ವೆಗೆ ದೂರದ ರೈಲುಗಳೂ ಗೂಡ್ಸ್ ರೈಲುಗಳೂ ಮುಖ್ಯ. ಯೋಜನೆ ಕಟ್ಟುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯಕ್ಕೆ ಶೇ. 51, ರೈಲ್ವೆಗೆ ಶೇ. 49 ಪಾಲು. ಅದರ ಮುಖ್ಯಸ್ಥರು ಐಎಎಸ್ ಅಧಿಕಾರಿ ಆಗಬೇಕೋ ರೈಲ್ವೆ ಅನುಭವಿ ಆಗಬೇಕೋ ಅನ್ನುವ ಎಳೆದಾಟದಲ್ಲೇ ತಿಂಗಳುಗಳು ಹೋದವು. ಎರಡು ಮಾರ್ಗಗಳ ಕೆಲಸ ಹಿಡಿದಿದ್ದ ಕಂಪನಿ 2025ರಲ್ಲಿ ಗುತ್ತಿಗೆ ಬಿಡುವುದಾಗಿ ನೋಟಿಸ್ ಕೊಟ್ಟಿತು. ಜಮೀನು ಸಮಯಕ್ಕೆ ಸಿಗಲಿಲ್ಲ ಅನ್ನುವುದು ಅದರ ದೂರು. ದುಡ್ಡು ಮಂಜೂರಾದರೆ ಸಾಲದು. ಆ ದುಡ್ಡಿಗೆ ದಿನಾ ಬೆಳಿಗ್ಗೆ ಎದ್ದು ಹೊಣೆ ಹೊರುವವರು ಬೇಕು.

ಯಜಮಾನ ಇರುವ ಮೆಟ್ರೋಗೂ ದೊಡ್ಡ ರಾಜಕೀಯದ ಬಿಸಿ ತಟ್ಟಿದೆ. ಹಳದಿ ಮಾರ್ಗದ ಹಳಿ, ನಿಲ್ದಾಣ ಎಲ್ಲ ಮೊದಲೇ ಸಿದ್ಧವಾಗುತ್ತಾ ಬಂದಿದ್ದವು, ಇಲ್ಲದ್ದು ರೈಲು ಮಾತ್ರ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಗಿತ್ತು. ಬಹುಪಾಲು ಬೋಗಿ ಇಲ್ಲೇ ತಯಾರಾಗಬೇಕು ಅನ್ನುವುದು ಷರತ್ತು. 2020ರಲ್ಲಿ ಗಲ್ವಾನ್ ಗಡಿ ಸಂಘರ್ಷ ಆಯಿತು, ಚೀನಾದ ಕಂಪನಿಗಳ ಮೇಲೆ ನಿರ್ಬಂಧ ಬಿಗಿಯಾಯಿತು. ಕೊನೆಗೆ ಕೋಲ್ಕತ್ತ ಹತ್ತಿರದ ಟಿಟಾಗಢ ಕಾರ್ಖಾನೆ ಜೊತೆ ಸೇರಿ ಬೋಗಿ ಮಾಡುವ ದಾರಿ ಹಿಡಿಯಬೇಕಾಯಿತು. ಲಡಾಖ್‌ನ ಗಡಿಯಲ್ಲಿ ನಡೆದದ್ದಕ್ಕೆ ಬೊಮ್ಮಸಂದ್ರದ ಕಾರ್ಖಾನೆ ಕೆಲಸಗಾರ ವರ್ಷಗಟ್ಟಲೆ ಕಾದ. ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆ ಮೊದಲ ದಿನಗಳಲ್ಲಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದೆ. ಬಾಗಿಲು ಮುಚ್ಚುವ ಸದ್ದಿಗೆ ಒಬ್ಬ ಹುಡುಗ ಊಟದ ಡಬ್ಬಿ ಎದೆಗೆ ಅವಚಿಕೊಂಡು ಓಡಿ ಬಂದ. ರೈಲು ಹೊರಟೇಬಿಟ್ಟಿತು. ಅವನು ಬೋರ್ಡ್ ನೋಡಿದ, ಫೋನ್ ನೋಡಿದ, ಅಲ್ಲೇ ಗೋಡೆಗೆ ಒರಗಿ ನಿಂತ.

ಅಷ್ಟಾದರೂ ಜನ ಬಂದರು. ಹಳದಿ ಮಾರ್ಗ ಜನರಿಗೆ ತೆರೆದ ಆಗಸ್ಟ್ 11ರಂದು ಇಡೀ ಮೆಟ್ರೋದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಓಡಾಡಿದರು, ಅಲ್ಲಿಯವರೆಗಿನ ದಾಖಲೆ ಅದು. ಹಾಗಾಗಿ ಮೆಟ್ರೋ ಬೇಡ ಅನ್ನುವವರ ಜೊತೆ ನಾನಿಲ್ಲ. ಆರು ಬೋಗಿಯ ಒಂದು ರೈಲು ಸುಮಾರು ಎರಡು ಸಾವಿರ ಜನರನ್ನು ಹೊರುತ್ತದೆ, ಯಾವ ಬಸ್ಸಿಗೂ ಅದು ಸಾಧ್ಯವಿಲ್ಲ. ಆದರೆ ಅದೇ ಊರಲ್ಲಿ ಬಿಎಂಟಿಸಿ ಬಸ್ಸುಗಳು ದಿನಕ್ಕೆ 40 ಲಕ್ಷಕ್ಕೂ ಜಾಸ್ತಿ ಜನರನ್ನು ಸಾಗಿಸುತ್ತವೆ. ಹತ್ತು ವರ್ಷದ ಹಿಂದೆ ಬಿಎಂಟಿಸಿ ಹತ್ತಿರ ಆರೂವರೆ ಸಾವಿರದ ಆಸುಪಾಸು ಬಸ್ಸಿದ್ದವು, 2025ರಲ್ಲಿ ಏಳು ಸಾವಿರದ ಆಸುಪಾಸು. ಊರು ಮಾತ್ರ ಎಲ್ಲೆಲ್ಲಿಗೋ ಬೆಳೆದಿದೆ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಅಂತಲೇ ಹಿಡಿಯೋಣ. ಮೂರನೇ ಹಂತದ ಒಂದು ಕಿ.ಮೀ. ಮೆಟ್ರೋ ದುಡ್ಡಿಗೆ 230 ಬಸ್ಸು ಬರುತ್ತವೆ. ಕೊಳ್ಳುವುದು ಸುಲಭ, ಆ 230 ಬಸ್ಸನ್ನು ದಿನಾ ಎರಡು ಪಾಳಿಯಲ್ಲಿ ಓಡಿಸುವವರ ಸಂಬಳ ಯಾರು ಕೊಡುತ್ತಾರೆ ಅನ್ನುವಲ್ಲಿ ಮಾತು ನಿಂತುಬಿಡುತ್ತದೆ.

ಬಸ್ಸಿಗೆ ಕೇಂದ್ರದಿಂದ ದುಡ್ಡು ಬಂದೇ ಇಲ್ಲ ಅಂತಲ್ಲ. ಹಿಂದೆ ನಗರಗಳ ಅಭಿವೃದ್ಧಿಗೆ ಅಂತ ಕೇಂದ್ರ ತಂದಿದ್ದ ನರ್ಮ್ ಯೋಜನೆಯಲ್ಲಿ ಬಸ್ಸು ಬಂದವು. ಈಗ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ಸು ಗೊತ್ತುಮಾಡಿದ್ದಾರೆ. ಒಳ್ಳೆಯದೇ. ಆದರೆ ಗಮನಿಸಿ, ಅಲ್ಲೂ ದುಡ್ಡು ವಸ್ತುವಿಗೆ. ಯಾವ ಬಗೆಯ ಬಸ್ಸು, ಯಾವ ಪದ್ಧತಿಯಲ್ಲಿ ಓಡಬೇಕು ಅನ್ನುವುದನ್ನೂ ಯೋಜನೆಯೇ ಹೇಳುತ್ತದೆ. ಈ ಬಸ್ಸುಗಳು ಖಾಸಗಿ ಕಂಪನಿಯವು, ಡ್ರೈವರ್ ಕಂಪನಿಯವರು, ಕಂಡಕ್ಟರ್ ನಿಗಮದವರು. ಓಡಿದ ಕಿ.ಮೀ. ಲೆಕ್ಕದಲ್ಲಿ ನಿಗಮ ಕಂಪನಿಗೆ ದುಡ್ಡು ಕೊಡಬೇಕು. ಆ ದುಡ್ಡು ಮತ್ತೆ ಟಿಕೆಟ್ಟಿನಿಂದ ಇಲ್ಲವೇ ರಾಜ್ಯದಿಂದ ಬರಬೇಕು.

ಔಟರ್ ರಿಂಗ್ ರೋಡಿನ ಬಸ್ ಲೇನ್ ನೆನಪಿದೆಯಾ? 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ರಸ್ತೆಯ ಎಡಭಾಗದಲ್ಲಿ ಸಾಲಾಗಿ ಗೂಟ ನೆಟ್ಟು ಬಸ್ಸಿಗೆ ಅಂತಲೇ ಒಂದು ಸಾಲು ಬಿಟ್ಟರು. ಸುರಂಗ ಕೊರೆಯಲಿಲ್ಲ, ಸೇತುವೆ ಕಟ್ಟಲಿಲ್ಲ. ಬಣ್ಣ ಬಳಿದರು, ಗೂಟ ನೆಟ್ಟರು, ಪೊಲೀಸರನ್ನೂ ಮಾರ್ಷಲ್‌ಗಳನ್ನೂ ನಿಲ್ಲಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದಲ್ಲಿ ಕಾರುಗಳು ಒಂದರ ಹಿಂದೊಂದು ನಿಂತಿರುವಾಗ ನಮ್ಮ ಬಸ್ಸು ಮಾರತ್‌ಹಳ್ಳಿ ಕಡೆಗೆ ಸರಾಗವಾಗಿ ಹೋಗುತ್ತಿತ್ತು. ಕಂಬಿ ಹಿಡಿದು ನಿಂತವರೆಲ್ಲ ಕಿಟಕಿಯಿಂದ ಆ ಕಾರುಗಳನ್ನು ನೋಡುತ್ತಿದ್ದರು. ಬಸ್ಸಿನವರಿಗೂ ಈ ಊರಲ್ಲಿ ಒಂದು ಮರ್ಯಾದೆ ಇದೆ ಅಂತ ನನಗೆ ಅನ್ನಿಸಿದ ಕೆಲವೇ ದಿನಗಳಲ್ಲಿ ಅವೂ ಸೇರಿವೆ.

ಆಮೇಲೆ ಕೊರೊನಾ ಬಂತು, ಕಚೇರಿಗಳು ಮುಚ್ಚಿದವು. ಅದರ ಬೆನ್ನಿಗೇ ಅದೇ ರಸ್ತೆಯ ಮೆಟ್ರೋ ಕೆಲಸ. 2021ರ ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮತ್ತು ವಿಮಾನ ನಿಲ್ದಾಣದ ಮಾರ್ಗಗಳಿಗೆ ಒಟ್ಟು 14,788 ಕೋಟಿ ಮಂಜೂರಾಗಿತ್ತು. ಕಂಬಕ್ಕೆ ಜಾಗ ಬೇಕಾಯಿತು, ಗೂಟಗಳು ಹೋದವು. ಲೇನ್ ತೆಗೆಯಲು ಯಾರೂ ಕಷ್ಟಪಡಬೇಕಾಗಲಿಲ್ಲ. ಅದರಲ್ಲಿ ಗುತ್ತಿಗೆದಾರರ ಹಣ ಇರಲಿಲ್ಲ, ತೀರಿಸಬೇಕಾದ ಸಾಲ ಇರಲಿಲ್ಲ, ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರೂ ಇರಲಿಲ್ಲ. 2025ರಲ್ಲೂ ಆ ಮೆಟ್ರೋ ಮಾರ್ಗದ ಕೆಲಸ ನಡೆದೇ ಇತ್ತು. ನಡುವಿನ ಅಷ್ಟೂ ವರ್ಷ, ನಿಜಕ್ಕೂ ಬಸ್ ಲೇನ್ ಬೇಕಾಗಿದ್ದ ಕಾಲದಲ್ಲಿ, ಅದು ಇರಲಿಲ್ಲ. ಕಡಿಮೆ ದುಡ್ಡಿನ ಕೆಲಸಕ್ಕೆ ಕಾವಲು ಕಾಯುವವರೂ ಕಡಿಮೆ ಅನ್ನುವುದನ್ನು ನಾನು ಕಲಿತದ್ದು ಆ ರಸ್ತೆಯಲ್ಲಿ.

ಇನ್ನು ಟಿಕೆಟ್ ದರ. 2025ರ ಫೆಬ್ರವರಿ 9ರಂದು ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ನಡುವಿನ ಕೆಲವು ದೂರಗಳಿಗೆ ಹೆಚ್ಚುಕಡಿಮೆ ದುಪ್ಪಟ್ಟು ಆಯಿತು. ಜನ ಸಿಟ್ಟಾದರು, ಕೆಲವು ವಾರ ಪ್ರಯಾಣಿಕರ ಸಂಖ್ಯೆಯೂ ಇಳಿಯಿತು. ಕೇಂದ್ರ ನೇಮಿಸಿದ ಸಮಿತಿಯ ತೀರ್ಮಾನ ಅಂದಿತು ರಾಜ್ಯ. ಕೇಳಿದ್ದು ರಾಜ್ಯದ ಕಡೆಯವರೇ ಅಂದರು ಕೇಂದ್ರದವರು. ಕಾನೂನು ಹೇಗಿದೆ ಅಂದರೆ, 2002ರ ಮೆಟ್ರೋ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯನ್ನು ರಚಿಸುವುದು ಕೇಂದ್ರ. ಅಧ್ಯಕ್ಷರು ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ, ಜೊತೆಗೆ ಕೇಂದ್ರದ ಒಬ್ಬರು, ರಾಜ್ಯದ ಒಬ್ಬರು. ಸಮಿತಿ ಹೇಳಿದ್ದನ್ನು ಮೆಟ್ರೋ ಕಂಪನಿ ಪಾಲಿಸಲೇಬೇಕು. ರಾಜಕಾರಣಿಗಳು ದರವನ್ನು ತಮಗೆ ಬೇಕಾದಂತೆ ಆಡಿಸಬಾರದು ಅನ್ನುವ ಒಳ್ಳೆಯ ಉದ್ದೇಶ ಇದರ ಹಿಂದಿದೆ. ಆದರೆ ಹಿಂದಿನ ಬಾರಿ ದರ ಏರಿದ್ದು 2017ರಲ್ಲಿ. ಏಳೂವರೆ ವರ್ಷ ಸುಮ್ಮನಿದ್ದು ಒಂದೇ ಸಲ ಏರಿಸಿದರೆ, ಆ ಭಾರ ಬೀಳುವುದು ತಿಂಗಳ ಸಂಬಳದಲ್ಲಿ ಓಡಾಟಕ್ಕೆ ಇಷ್ಟು ಅಂತ ಎತ್ತಿಟ್ಟವರ ಮೇಲೆ. ಆ ಸಮಿತಿಯ ವರದಿಯನ್ನು ಜನರ ಮುಂದೆ ಇಡಲು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು ಅನ್ನುವುದು ನನಗೆ ಇನ್ನೂ ಜಾಸ್ತಿ ನೋವಿನ ವಿಷಯ.

ಇಷ್ಟೆಲ್ಲ ಕೇಂದ್ರ, ರಾಜ್ಯ ಅಂತ ಹೇಳಿದೆ. ನಗರದ ಜನಪ್ರತಿನಿಧಿಗಳು ಎಲ್ಲಿ? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಚುನಾವಣೆಯೇ ಆಗದೆ, 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬಸ್‌ಸ್ಟಾಪಿಗೆ ನೆರಳಿಲ್ಲ, ಮೆಟ್ರೋ ಇಳಿದು ನಡೆಯಲು ಫುಟ್‌ಪಾತ್ ಇಲ್ಲ ಅಂತ ಕೇಳಲು ವಾರ್ಡಿನವರು ಅನ್ನುವ ಒಬ್ಬರು ಇರಲಿಲ್ಲ. ಅಂಥ ಹೊತ್ತಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ, ಸುಮಾರು 17 ಸಾವಿರ ಕೋಟಿ ಅನ್ನುವ ಯೋಜನೆ ಮುಂದೆ ಬಂತು. ಅದು ಟೋಲ್ ಕೊಟ್ಟು ಹೋಗುವ ಕಾರಿನವರಿಗೆ. ಮೆಟ್ರೋ ಮೂರನೇ ಹಂತದ ಕಂಬಗಳ ಮೇಲೂ ಕಾರುಗಳಿಗೆ ಡಬಲ್ ಡೆಕ್ಕರ್ ಮೇಲ್ಸೇತುವೆ ಸೇರಿಸುವ ತೀರ್ಮಾನ ಆಯಿತು. ಅದರ ಖರ್ಚು ರಾಜ್ಯದ್ದೇ, ವಿನ್ಯಾಸವನ್ನೂ ಮತ್ತೆ ಮಾಡಬೇಕಾಯಿತು.

ಜನ ಸುಮ್ಮನೆ ಕೂತ ಊರಲ್ಲ ಇದು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದಾಗ, 2016ರ ಅಕ್ಟೋಬರ್‌ನ ಒಂದು ಭಾನುವಾರ ಸಾವಿರಾರು ಮಂದಿ ರಸ್ತೆ ಬದಿಯಲ್ಲಿ ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ಜನ ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಅಂತಲೂ ಕೂಗಿದರು. ಬೇಡ ಅಂದಿದ್ದು ಆರು ತಿಂಗಳಲ್ಲಿ ನಿಂತಿತು. ಬೇಕು ಅಂದಿದ್ದು ಇನ್ನೂ ಬಂದಿಲ್ಲ.

ಓಡಿಸುವ ದುಡ್ಡು ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಕೆ.ಆರ್. ಮಾರ್ಕೆಟ್ ಕಡೆಯ ಬಸ್ಸು ಹತ್ತಬೇಕು. ಮೊನ್ನೆ ಬನಶಂಕರಿಯ ಹತ್ತಿರ ಒಬ್ಬ ಹೆಂಗಸು ಖಾಲಿ ಹೂವಿನ ಬುಟ್ಟಿ ಹಿಡಿದು ಹತ್ತಿದರು.

“ಎಲ್ಲಿಗಮ್ಮಾ?”

“ಮಾರ್ಕೆಟ್ಟಿಗೆ ಕಣಪ್ಪಾ.”

ಸೊಂಟದ ಚೀಲದಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಕಂಡಕ್ಟರ್ ಯಂತ್ರ ಒತ್ತಿದರು, ಶೂನ್ಯ ದರದ ಟಿಕೆಟ್ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಹೀಗೆಯೇ. ಅವರು ದುಡ್ಡು ಕೊಡುವುದಿಲ್ಲ, ಆದರೆ ಅವರು ಹೋದ ದೂರದ ದರ ಲೆಕ್ಕಕ್ಕೆ ಸೇರುತ್ತದೆ. ಇಂಥ ಲಕ್ಷಾಂತರ ಟಿಕೆಟ್ ಕೂಡಿಸಿ ನಿಗಮ ಸರ್ಕಾರವನ್ನು ಕೇಳುತ್ತದೆ. ಸರ್ಕಾರ ಅದನ್ನು ಪೂರ್ತಿ ಕೊಟ್ಟರೆ, ಸಮಯಕ್ಕೆ ಕೊಟ್ಟರೆ, ಡೀಸೆಲ್ಲಿಗೆ ಆಯಿತು, ಟೈರಿಗೆ ಆಯಿತು, ಆ ಕಂಡಕ್ಟರ್ ಸಂಬಳಕ್ಕೆ ಆಯಿತು. ತಡವಾದರೆ ಆ ಕೊರತೆ ಡಿಪೋದಲ್ಲಿ ಕಾಣುತ್ತದೆ. ಹೂವಿನವರು ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ, ಆಧಾರ್ ಕಾರ್ಡಿನ ಜೊತೆ ಚೀಲಕ್ಕೆ ಹಾಕಿಕೊಂಡು, ಬುಟ್ಟಿಯನ್ನು ಕಾಲ ಹತ್ತಿರ ಸರಿಸಿ ಕೂತರು. ಕಂಡಕ್ಟರ್ ಮುಂದಿನ ಸೀಟಿಗೆ ಹೋದರು.